ನಮ್ಮ ಹಳೆ ಬೈಕುಗಳು ನಿಮ್ಮ ಪುಸ್ತಕದಲ್ಲಿ ಉಂಟು: ಸಾರಿಗೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಹಳೆ ಬೈಕುಗಳ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು, ಕಚೇರಿಯಲ್ಲಿ ತಡವಾದ ತಿಂಗಳುಗಳಿಗೆ ದಂಡ ಹಾಕದಿರುವುದು ಮತ್ತು ತಪಾಸಣೆಯ ಬಗ್ಗೆ ಮನವಿ

ಮಾನ್ಯರೇ,

ನಾನು ಮಂಗಳೂರಿನವನು. ನನ್ನ ಹತ್ತಿರ 1983ರಲ್ಲಿ ನೋಂದಣಿಯಾದ ಒಂದು ಯೆಜ್ಡಿ 250 ಬೈಕು ಉಂಟು. ನನ್ನ ಅಪ್ಪನದ್ದು. ಅದರ ದಾಖಲೆ ಸರಿಮಾಡಿಸಿಕೊಳ್ಳಲು ನನಗೆ 14 ತಿಂಗಳು ಹಿಡಿಯಿತು. ಆ 14 ತಿಂಗಳಲ್ಲಿ ಕಂಡದ್ದನ್ನು ನಿಮಗೇ ನೇರವಾಗಿ ಹೇಳಬೇಕು ಅನಿಸಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೆಲಸ ಈಗ ಮುಗಿದಿದೆ. ಆದರೆ ಭಾನುವಾರ ಬೆಳಗ್ಗೆ ನನ್ನ ಜೊತೆ ಹಳೆ ಬೈಕು ಓಡಿಸುವ ಗೆಳೆಯರಲ್ಲಿ ಆರು ಮಂದಿಯದ್ದು ಇನ್ನೂ ಬಾಕಿ ಉಂಟು. ಇದು ಅವರ ಪತ್ರವೂ ಹೌದು.

ಮೊದಲು ಈ ಬೈಕಿನ ಬಗ್ಗೆ ನಾಲ್ಕು ಮಾತು. ಯೆಜ್ಡಿ ನಮ್ಮ ರಾಜ್ಯದಲ್ಲೇ ತಯಾರಾದ ಗಾಡಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಜಾವಾ ಬೈಕು ಮಾಡಲು ಶುರು ಮಾಡಿತು. 1973ರಿಂದ ಯೆಜ್ಡಿ ಅನ್ನುವ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಬೈಕಿಗೆ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೊತ್ತಿಲ್ಲದವರು ಎಷ್ಟು ಹುಡುಕಿದರೂ ಸ್ಟಾರ್ಟ್ ಮಾಡಲು ಆಗುವುದಿಲ್ಲ.

ಅಪ್ಪ ಮೂಲ್ಕಿ ಕಡೆಯ ಒಂದು ಶಾಲೆಯಲ್ಲಿ ಮಾಸ್ಟ್ರಾಗಿದ್ದರು. ದಿನಾ ಅದರಲ್ಲೇ ಹೋಗಿ ಬರುವುದು. ನವರಾತ್ರಿ ಬಂದರೆ ಅಮ್ಮ ಹಿಂದೆ, ನಾನು ಟ್ಯಾಂಕಿನ ಮೇಲೆ, ಹಾಗೆ ಕಟೀಲಿಗೆ. 1998ರಲ್ಲಿ 15 ವರ್ಷ ತುಂಬಿದಾಗ ಅವರೇ ಹೋಗಿ ಆರ್‌ಸಿ ನವೀಕರಿಸಿದರು. ಮತ್ತೆ 2003ರಲ್ಲಿ, ಮತ್ತೆ 2008ರಲ್ಲಿ. ಮೂರು ಸಲವೂ ಹಳೆ ಆರ್‌ಸಿ ಪುಸ್ತಕದಲ್ಲಿ ಕೈಬರಹ, ಮೇಲೆ ಸರ್ಕಾರದ ಮೊಹರು. 2013ರ ಹೊತ್ತಿಗೆ ಅವರಿಗೆ ಮಂಡಿ ನೋವು ಜಾಸ್ತಿಯಾಗಿ ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಬೈಕು ಟಾರ್ಪಾಲಿನ ಅಡಿ ಸೇರಿತು. 2020ರಲ್ಲಿ ಅಪ್ಪ ತೀರಿಕೊಂಡರು.

ಟಾರ್ಪಾಲು ತೆಗೆದ ದಿನ ನನಗೆ ಅಳು ಬಂತು. ನಮ್ಮ ಊರಿನ ಗಾಳಿ ನಿಮಗೆ ಗೊತ್ತಲ್ಲ. ಕಡಲಿನ ಉಪ್ಪು, ಅದರ ಮೇಲೆ ನಾಲ್ಕು ತಿಂಗಳ ಮಳೆ. ಸ್ಪೋಕ್ಸ್ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಸೈಲೆನ್ಸರಿನ ಕ್ರೋಮ್ ಗುಳ್ಳೆ ಎದ್ದಿತ್ತು. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಬರೀ ಕೆಂಪು. ಎಂಜಿನ್ ಜಾಮ್. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದರು. ಕೊಡಲು ಮನಸ್ಸು ಬರಲಿಲ್ಲ.

ಬಂದರು ಪ್ರದೇಶದಲ್ಲಿ ಒಂದು ಸಣ್ಣ ಗ್ಯಾರೇಜು ಉಂಟು. ಅಲ್ಲಿನ ಹಿರಿಯ ಮೆಕ್ಯಾನಿಕ್‌ರನ್ನು ನಾವೆಲ್ಲ ಉಸ್ತಾದ್ ಅಂತಲೇ ಕರೆಯುವುದು. ಅವರಿಗೆ ಬೈಕು ತೋರಿಸಿದೆ. ಅವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಸೀಮೆಎಣ್ಣೆ ಬಟ್ಟೆಯಲ್ಲಿ ಚಾಸಿಸ್ ನಂಬರ್ ಒರೆಸಿ ಓದಿದರು. ಆಮೇಲೆ ಎಂಜಿನ್ ನಂಬರ್. ಎರಡನ್ನೂ ನನ್ನ ಕೈಯಲ್ಲಿದ್ದ ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಿದರು. "ಪೇಂಟಿನವನಿಗೆ ಹೇಳು, ಈ ನಂಬರಿನ ಮೇಲೆ ಪುಟ್ಟಿ ಬೀಳಬಾರದು, ಉಪ್ಪುಕಾಗದ ತಾಗಬಾರದು. ಇದು ಹೋದರೆ ಗಾಡಿ ಇದ್ದೂ ಇಲ್ಲದ ಹಾಗೆ" ಅಂದರು. ಹಳೆ ಗಾಡಿ ಕಟ್ಟುವವರು ಕಾನೂನಿಗೆ ಬೆಲೆ ಕೊಡುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಿದರೆ ಈ ಮಾತು ನೆನಪು ಮಾಡಿಕೊಳ್ಳಿ.

ಕೆಲಸಕ್ಕೆ ಎರಡು ವರ್ಷ ಹಿಡಿಯಿತು. ಸಂಬಳದಲ್ಲಿ ಉಳಿದಾಗ ಸ್ವಲ್ಪ ಸ್ವಲ್ಪ. ಸಿಲಿಂಡರ್ ಬೋರ್ ಮಾಡಿಸಿ 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿದೆವು. ಕ್ರ್ಯಾಂಕ್ ಬಿಚ್ಚಿಸಿ ಹೊಸ ಕನೆಕ್ಟಿಂಗ್ ರಾಡ್ ಕೂರಿಸಿದೆವು. ಪ್ರೆಸ್ಸಿನಲ್ಲಿ ಜೋಡಿಸಿದ ಮೇಲೆ ಅದನ್ನು ಲೇತಿಗೆ ಕೊಟ್ಟು, ಡಯಲ್ ಗೇಜ್ ಇಟ್ಟು, ಎಲ್ಲಿ ಸೊಟ್ಟ ಉಂಟು ಅಂತ ನೋಡಿ ತಾಮ್ರದ ಸುತ್ತಿಗೆಯಲ್ಲಿ ಒಂದೊಂದೇ ಏಟು ಕೊಟ್ಟು ನೇರ ಮಾಡಿದರು. ಆ ಕೆಲಸಕ್ಕೇ ಒಂದು ಇಡೀ ಮಧ್ಯಾಹ್ನ ಹೋಯಿತು. ಟ್ಯಾಂಕಿಗೆ ಸಣ್ಣ ಜಲ್ಲಿ, ಸೀಮೆಎಣ್ಣೆ ಹಾಕಿ ನಾನೇ ಎರಡು ಸಂಜೆ ಅಲುಗಾಡಿಸಿ ತುಕ್ಕು ತೆಗೆದೆ. ಕೊನೆಗೆ ಉಸ್ತಾದ್ ಕಿಡಿಯ ಹೊತ್ತು ನಿಗದಿ ಮಾಡುವ ಪಾಯಿಂಟಿನ ಸಂದು 0.4 ಮಿಲಿಮೀಟರಿಗೆ ಇಟ್ಟು, ಪೆಟ್ರೋಲಿಗೆ ಟೂ ಸ್ಟ್ರೋಕ್ ಎಂಜಿನಿಗೆ ಹಾಕುವ ಟೂಟಿ ಆಯಿಲ್ ಬೆರೆಸಿ ಕಿಕ್ ಹೊಡೆದರು. ಮೂರನೇ ಕಿಕ್ಕಿಗೆ ಎರಡೂ ಸೈಲೆನ್ಸರಿನಿಂದ ಆ ಶಬ್ದ ಬಂತು. ಅಮ್ಮ ಒಳಗಿನಿಂದ ಓಡಿ ಬಂದರು. ಅವರಿಗೆ ಅದು ಅಪ್ಪ ಶಾಲೆಯಿಂದ ಬಂದ ಶಬ್ದ.

ಇಷ್ಟೆಲ್ಲ ಮಾಡಿದ ಮೇಲೆ ದಾಖಲೆ ಇಲ್ಲದೆ ರಸ್ತೆಗೆ ಇಳಿಸುವುದು ಸರಿಯಲ್ಲ ಅಲ್ವಾ? 2023ರ ಜೂನ್‌ನಲ್ಲಿ ಕರಾವಳಿಯ ಒಂದು ಸಾರಿಗೆ ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ. ಅಲ್ಲಿನವರನ್ನು ಸಿಕ್ಕಿಹಾಕಿಸುವುದು ನನ್ನ ಉದ್ದೇಶವೇ ಅಲ್ಲ. ಅಪ್ಪನ ಮರಣ ಪ್ರಮಾಣಪತ್ರ, ವಾರಸುದಾರನ ಹೆಸರಿಗೆ ಮಾಡುವ 31ನೇ ನಮೂನೆ, ಮುಂಬೈಯಲ್ಲಿರುವ ಅಕ್ಕ ಮತ್ತು ಕುವೈತ್‌ನಲ್ಲಿರುವ ತಂಗಿಯ ಒಪ್ಪಿಗೆ ಪತ್ರ, ನವೀಕರಣದ 25ನೇ ನಮೂನೆ, ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು, ಎಲ್ಲ ಜೋಡಿಸಿಕೊಂಡು ಹೋಗಿದ್ದೆ. ಗುಮಾಸ್ತರು ನಂಬರ್ ಒತ್ತಿ ನೋಡಿ ಹೇಳಿದರು: "ಈ ಗಾಡಿ ಕಂಪ್ಯೂಟರಿನಲ್ಲಿ ಇಲ್ಲ."

ತಿಂಗಳುಗಟ್ಟಲೆ ನಾನು ಕೇಳಿದ್ದು ಇದೇ ಮಾತು. ಕೈಯಲ್ಲಿ ಸರ್ಕಾರವೇ ಕೊಟ್ಟ ಪುಸ್ತಕ ಉಂಟು. ನಾಲ್ಕು ಮೊಹರು ಉಂಟು. ಆದರೆ ಗಾಡಿಗಳ ದಾಖಲೆ ಇಡುವ ವಾಹನ್ ಅನ್ನುವ ಕಂಪ್ಯೂಟರ್ ಜಾಲದಲ್ಲಿ ಗಾಡಿ ಇಲ್ಲ. ಕೈಬರಹದ ಕಾಲದ ದಾಖಲೆಯನ್ನು ಯಾರೂ ಅದಕ್ಕೆ ಸೇರಿಸಿಲ್ಲ. ಸೇರಿಸಬೇಕಾದರೆ ಮೂಲ ಪುಸ್ತಕ ಸಿಗಬೇಕು. ಮೂಲ ಪುಸ್ತಕ ಯಾವ ಕಪಾಟಿನಲ್ಲಿ ಉಂಟು ಅಂತ ಯಾರಿಗೂ ಗೊತ್ತಿಲ್ಲ. ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರ ಅಂದರೆ ನನಗೆ ಅರ್ಧ ದಿನದ ರಜೆ.

ಆರನೇ ತಿಂಗಳಿಗೆ ಒಬ್ಬ ಮಹಿಳಾ ಸಿಬ್ಬಂದಿ ನನ್ನ ಮೇಲೆ ಕನಿಕರಪಟ್ಟು ತಾವೇ ದಾಖಲೆ ಕೋಣೆಗೆ ಹೋಗಿ ಧೂಳಿನ ನಡುವೆ ಹುಡುಕಿದರು. ಆ ಪುಸ್ತಕಗಳ ಸ್ಥಿತಿ ನಾನು ಕಣ್ಣಾರೆ ಕಂಡಿದ್ದೇನೆ. ಗೋಡೆಯಲ್ಲಿ ಮಳೆನೀರು ಇಳಿದು ಕೆಳಗಿನ ಸಾಲಿನ ಪುಟಗಳು ಒಂದಕ್ಕೊಂದು ಅಂಟಿವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ. ನಮ್ಮ ಅದೃಷ್ಟಕ್ಕೆ 1983ರ ಪುಸ್ತಕ ಮೇಲಿನ ಸಾಲಿನಲ್ಲಿತ್ತು. ಪುಟ ತೆರೆದರೆ ನೀಲಿ ಶಾಯಿಯಲ್ಲಿ ಅಪ್ಪನ ಹೆಸರು, ವಿಳಾಸ, ಚಾಸಿಸ್ ನಂಬರ್, ಬಣ್ಣ ಮರೂನ್. ಒಂದಕ್ಷರ ತಪ್ಪಿರಲಿಲ್ಲ. ಆ ಕಾಲದ ಗುಮಾಸ್ತರು ಅಷ್ಟು ನೀಟಾಗಿ ಬರೆದಿದ್ದಾರೆ.

ಪುಸ್ತಕ ಸಿಕ್ಕಿತು ಅಂದರೆ ಕೆಲಸ ಆಯಿತು ಅಂದುಕೊಂಡೆ. ಆಗಲಿಲ್ಲ. ಅದನ್ನು ಕಂಪ್ಯೂಟರಿಗೆ ಹಾಕಲು ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಬೇಕಾದವರಿಗೆ ವರ್ಗವಾಯಿತು. ಹೊಸಬರು ಬಂದು ಕಡತ ಮೊದಲಿನಿಂದ ನೋಡಿದರು. ಆಮೇಲೆ ಚುನಾವಣೆ ಕೆಲಸ ಅಂದರು. 2024ರ ಆಗಸ್ಟ್‌ನಲ್ಲಿ ಗಾಡಿ ಪರದೆಯ ಮೇಲೆ ಬಂತು.

ಈಗ ನನ್ನ ಮುಖ್ಯ ದೂರು. ನವೀಕರಣ ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕ. ಗಾಡಿ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅರ್ಜಿಯನ್ನೇ ಹಾಕಲಾಗದು. ಅರ್ಜಿ ಹಾಕುವ ತನಕ ದಂಡದ ಲೆಕ್ಕ ನಿಲ್ಲದು. ನನ್ನ ಕಾಗದಗಳನ್ನು ಕಚೇರಿ 2023ರ ಜೂನ್‌ನಲ್ಲೇ ಮೊಹರು ಹಾಕಿ ತೆಗೆದುಕೊಂಡಿದೆ. ಸ್ವೀಕೃತಿ ಪತ್ರ ನನ್ನ ಹತ್ತಿರ ಉಂಟು. ಆದರೂ ಆ 14 ತಿಂಗಳಿಗೂ ದಂಡ ಬಿತ್ತು. 4,200 ರೂಪಾಯಿ. 2013ರಿಂದ ನಾವು ನವೀಕರಿಸದೆ ಬಿಟ್ಟದ್ದು ನಮ್ಮ ತಪ್ಪು. ಅದಕ್ಕೆ ಎಷ್ಟು ಹೇಳಿದರೋ ಅಷ್ಟು ಕಟ್ಟಿದ್ದೇನೆ, ಒಂದು ಮಾತು ಆಡಿಲ್ಲ. ಆದರೆ ಪುಸ್ತಕ ಕಳೆದುಕೊಂಡದ್ದು ನಾನಲ್ಲ. ವರ್ಗವಾಗಿ ಹೋದದ್ದು ನಾನಲ್ಲ. ಆ ತಿಂಗಳುಗಳ ದಂಡ ನಾನು ಯಾಕೆ ಕಟ್ಟಬೇಕು?

ಹಣ ದೊಡ್ಡದಲ್ಲ ಅಂತ ನಿಮಗೆ ಅನಿಸಬಹುದು. ನಮ್ಮ ಗುಂಪಿನಲ್ಲಿ ಒಬ್ಬರು ಆಟೋ ಚಾಲಕರು ಇದ್ದಾರೆ. ಅವರ ಮಾವ ಬಿಟ್ಟುಹೋದ ರಾಜ್‌ದೂತ್ ಇಟ್ಟುಕೊಂಡಿದ್ದಾರೆ. ಅವರಿಗೆ ವರ್ಷಕ್ಕೆ 3,600 ರೂಪಾಯಿ ಅಂದರೆ ಸಣ್ಣ ಮೊತ್ತ ಅಲ್ಲ. ಅದರ ಮೇಲೆ ಶುಲ್ಕವೂ ಏರಿದೆ. 2022ರ ಏಪ್ರಿಲ್‌ನಲ್ಲಿ ಬೈಕಿನ ನವೀಕರಣ 300ರಿಂದ 1,000 ರೂಪಾಯಿ ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಬೈಕಿಗೆ 2,000. ಇದು ದೆಹಲಿಯಲ್ಲಿ ಆದ ತೀರ್ಮಾನ, ನಿಮ್ಮದಲ್ಲ ಅಂತ ಗೊತ್ತು. ಐದು ವರ್ಷಕ್ಕೊಮ್ಮೆ 2,000 ಕಟ್ಟಲು ನಾವು ತಯಾರಿದ್ದೇವೆ. ಕಟ್ಟುತ್ತೇವೆ ಅಂದರೂ ಕಟ್ಟಿಸಿಕೊಳ್ಳುವ ದಾರಿ ತೆರೆದಿಲ್ಲ ಅನ್ನುವುದೇ ನಮ್ಮ ಕಷ್ಟ.

ಆ ದಾರಿ ಮುಚ್ಚಿದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ನಾಲ್ಕನೇ ತಿಂಗಳಲ್ಲಿ ಕಚೇರಿಯ ಹೊರಗೆ ಒಬ್ಬರು ನನ್ನನ್ನು ಕರೆದು ಮಾತಾಡಿಸಿದರು. "ಸುಮ್ನೆ ಯಾಕೆ ಓಡಾಡ್ತೀರಿ ಮಾರಾಯ್ರೆ? ಗುಜರಿಗೆ ಹೋದ ಗಾಡಿಯ ಆರ್‌ಸಿ ಕೊಡಿಸ್ತೇನೆ. ನಂಬರ್ ಪಂಚ್ ಮಾಡಿಸಿದರೆ ಆಯ್ತು" ಅಂದರು. ಅಂದರೆ ಅಪ್ಪನ ಗಾಡಿಯ ಚಾಸಿಸ್ ನಂಬರ್ ಉಜ್ಜಿ ತೆಗೆದು ಬೇರೆಯವರ ನಂಬರ್ ಹೊಡೆಯುವುದು. ನಾನು ಒಪ್ಪಲಿಲ್ಲ. ಆದರೆ ಒಪ್ಪಿದವರೂ ಇರುತ್ತಾರೆ, ಇಲ್ಲದಿದ್ದರೆ ಅವರು ಅಲ್ಲಿ ನಿಂತಿರುತ್ತಿರಲಿಲ್ಲ. ಕದ್ದ ಬೈಕು ಮಾರುವವರಿಗೂ ಇದೇ ದಾರಿ ಅನುಕೂಲ. ಆರ್‌ಎಕ್ಸ್ 100ಕ್ಕೆ ಈಗ ಇರುವ ಬೇಡಿಕೆ ನಿಮಗೆ ಗೊತ್ತಿರಬಹುದು. 1996ರಲ್ಲಿ ನಿಂತುಹೋದ ಆ 98 ಸಿಸಿ ಬೈಕಿಗೆ ಇವತ್ತು ಹೊಸ ಬೈಕಿನ ಬೆಲೆ ಕೇಳುವವರು ಇದ್ದಾರೆ. ಅದಕ್ಕೇ ತಪಾಸಣೆ ಬಿಗಿಯಾಗಿರಲಿ ಅಂತ ನಾವೂ ಹೇಳುತ್ತೇವೆ. ನಮ್ಮ ಗಾಡಿಯೂ ಕಳವಾಗಬಾರದಲ್ಲ.

ಬಿಗಿ ಇರಲಿ, ಆದರೆ ತಿಳಿದು ಮಾಡಲಿ. ಮೀನಿನ ವ್ಯಾಪಾರ ಮಾಡುವ ನಮ್ಮ ಗೆಳೆಯರೊಬ್ಬರ ಆರ್‌ಎಕ್ಸ್ 100 ಕಥೆ ಕೇಳಿ. ವರ್ಷಗಳ ಹಿಂದೆ ಎಂಜಿನ್ ಸೀಜ್ ಆಗಿ ಕ್ರ್ಯಾಂಕ್‌ಕೇಸ್ ಒಡೆದಿತ್ತು. ಆಗಿನ ಮೆಕ್ಯಾನಿಕ್ ಬೇರೆ ಕೇಸ್ ಹಾಕಿ ಕೊಟ್ಟರು. ಅದನ್ನು ಆರ್‌ಸಿಯಲ್ಲಿ ಬರೆಸಬೇಕು ಅಂತ ಇವರಿಗೆ ಯಾರೂ ಹೇಳಲಿಲ್ಲ. ಈಗ ಎಂಜಿನ್ ನಂಬರ್ ಹೊಂದುವುದಿಲ್ಲ. ಚಾಸಿಸ್ ನಂಬರ್ ಸರಿ ಉಂಟು, ಮೊದಲ ಮಾಲಕರು ಇವರೇ, ಗಾಡಿ ಕೊಂಡ ಬಿಲ್ಲು ಕೂಡ ಉಂಟು. ಆದರೂ ಒಂದು ಕಿಟಕಿಯಲ್ಲಿ ಆಗುವುದಿಲ್ಲ ಅಂತಾರೆ, ಇನ್ನೊಂದರಲ್ಲಿ ಪೊಲೀಸ್ ಪತ್ರ ತನ್ನಿ ಅಂತಾರೆ. ಪೊಲೀಸರು ಸಾರಿಗೆ ಕಚೇರಿಯಿಂದ ಪತ್ರ ತನ್ನಿ ಅಂತಾರೆ. ಎರಡು ವರ್ಷದಿಂದ ಅವರು ಹೀಗೆ ಓಡಾಡುತ್ತಿದ್ದಾರೆ.

ಇನ್ನೊಬ್ಬರದ್ದು 1968ರ ಜಾವಾ. ಅದಕ್ಕೆ ಕಾರ್ಖಾನೆಯಲ್ಲೇ ಇಂಡಿಕೇಟರ್ ಹಾಕಿರಲಿಲ್ಲ. ಆಗ ಕೈ ತೋರಿಸಿ ತಿರುಗುವುದೇ ರೂಢಿ. ತಪಾಸಣೆಗೆ ಒಯ್ದಾಗ ಬ್ರೇಕ್ ಇನ್ಸ್‌ಪೆಕ್ಟರ್ ಇಂಡಿಕೇಟರ್ ಇಲ್ಲದೆ ಪಾಸ್ ಮಾಡುವುದಿಲ್ಲ ಅಂದರು. ಹೆಡ್‌ಲೈಟ್ ಮಂಕು ಅಂತಲೂ ಬರೆದರು. ಅದು 6 ವೋಲ್ಟಿನ ಗಾಡಿ, ಇವತ್ತಿನ ಬೈಕಿನಷ್ಟು ಬೆಳಕು ಕೊಡುವುದಿಲ್ಲ. ಸರಿ, ಇಂಡಿಕೇಟರ್ ಹಾಕಿಸೋಣ ಅಂದರೆ ಅಲ್ಲಿ ಇನ್ನೊಂದು ತೊಡಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಒಂದು ಕಡೆ ಇದ್ದ ಹಾಗೇ ಇಡಿ ಅಂತಾರೆ. ಇನ್ನೊಂದು ಕಡೆ ಇಲ್ಲದ್ದನ್ನು ಹಾಕಿ ಅಂತಾರೆ. ನಾವು ಯಾರ ಮಾತು ಕೇಳಬೇಕು?

ಆ ವಿಂಟೇಜ್ ನಿಯಮ ಒಳ್ಳೆಯದೇ. ಅದನ್ನು ತಂದವರಿಗೆ ನಾವು ಋಣಿ. ಆದರೆ ಅದು ನಮ್ಮಲ್ಲಿ ಹೆಚ್ಚಿನವರಿಗೆ ಹೊಂದುವುದಿಲ್ಲ. ಹಾಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನಮ್ಮ ಯೆಜ್ಡಿಗೆ 50 ತುಂಬಲು 2033 ಬರಬೇಕು. ಅಲ್ಲಿಯ ತನಕ ಅದು ವಿಂಟೇಜೂ ಅಲ್ಲ, ಹೊಸದೂ ಅಲ್ಲ. ಸರ್ಕಾರದ ಲೆಕ್ಕದಲ್ಲಿ ಅದು ಗುಜರಿಗೆ ಹೋಗಬೇಕಾದ ಹಳೆ ಗಾಡಿ. 25ರಿಂದ 50 ವರ್ಷದ ನಡುವಿನ, ಚೆನ್ನಾಗಿ ನೋಡಿಕೊಂಡ ಬೈಕಿಗೆ ಒಂದು ಹೆಸರೇ ಇಲ್ಲ.

ಹಳೆ ಟೂ ಸ್ಟ್ರೋಕ್ ಅಂದರೆ ಹೊಗೆ ಅಂತ ಹೇಳುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಅದಕ್ಕೂ ನಿಯಮ ಉಂಟು. 2000ದ ಮಾರ್ಚ್ 31ರ ಒಳಗೆ ತಯಾರಾದ ಬೈಕಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 4.5 ಮೀರಬಾರದು, ಹೈಡ್ರೋಕಾರ್ಬನ್ 9,000 ಪಿಪಿಎಂ ಮೀರಬಾರದು. ಕಾರ್ಬೊರೇಟರ್ ಸರಿ ಕೂರಿಸಿ ಆಯಿಲ್ ಅಳೆದು ಹಾಕಿದರೆ ನಮ್ಮ ಗಾಡಿ ಆ ಮಿತಿಯ ಒಳಗೇ ಬರುತ್ತದೆ. ಪ್ರತಿ ಸಲವೂ ಬಂದಿದೆ. ಮತ್ತೆ ಇವು ದಿನಾ ಓಡುವ ಗಾಡಿಗಳೂ ಅಲ್ಲ. ಭಾನುವಾರ ಬೆಳಗ್ಗೆ ಆರು ಗಂಟೆಗೆ ಹೊರಟು ಕಿನ್ನಿಗೋಳಿ, ಮೂಡುಬಿದಿರೆ ದಾರಿಯಾಗಿ ಕಾರ್ಕಳಕ್ಕೆ ಹೋಗಿ, ಗೋಳಿಬಜೆ, ಚಾ ಮುಗಿಸಿ, ಬಿಸಿಲು ಏರುವ ಮೊದಲು ಮನೆ. ವರ್ಷಕ್ಕೆ ಸಾವಿರ ಕಿಲೋಮೀಟರ್ ಆದರೆ ಜಾಸ್ತಿ.

ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟಿನದ್ದೂ ಇದೇ ಕಥೆ. 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಎಲ್ಲ ಗಾಡಿಗೂ ಹಾಕಿಸಬೇಕು ಅಂತ 2023ರ ಆಗಸ್ಟ್‌ನಲ್ಲಿ ಆದೇಶ ಬಂತು. ಕಂಪ್ಯೂಟರಿನಲ್ಲೇ ಇಲ್ಲದ ಗಾಡಿಗೆ ಪ್ಲೇಟು ಬುಕ್ ಮಾಡಲು ಆಗುವುದಿಲ್ಲ. ರಸ್ತೆಯಲ್ಲಿ ನಿಲ್ಲಿಸಿದ ಪೊಲೀಸರಿಗೆ ಇದನ್ನೆಲ್ಲ ವಿವರಿಸುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ.

ಮಾನ್ಯರೇ, ನಾವು ಕೇಳುವುದು ವಿನಾಯಿತಿ ಅಲ್ಲ. ಮೊದಲನೆಯದಾಗಿ, ಆ ಹಳೆ ಪುಸ್ತಕಗಳನ್ನು ಮುಂದಿನ ಮಳೆಗಾಲದ ಒಳಗೆ ಸ್ಕ್ಯಾನ್ ಮಾಡಿಸಿ. ಇದೊಂದು ಬೇರೆ ಎಲ್ಲಕ್ಕಿಂತ ಜರೂರು. ಅಂಟಿದ ಪುಟ ಇನ್ನೊಂದು ಮಳೆ ಕಂಡರೆ ಬಿಡಿಸಲು ಬರುವುದಿಲ್ಲ. ಆ ಪುಟದಲ್ಲಿರುವ ಗಾಡಿಯ ಮಾಲಕತ್ವಕ್ಕೆ ಆಮೇಲೆ ಪುರಾವೆಯೇ ಇಲ್ಲ. ಜನ ಸಾಲದಿದ್ದರೆ ನಮ್ಮ ಗುಂಪಿನವರು ಬಂದು ಧೂಳು ಹೊಡೆದು, ಪುಸ್ತಕಗಳನ್ನು ವರ್ಷದ ಲೆಕ್ಕದಲ್ಲಿ ಜೋಡಿಸಿ ಕೊಡುತ್ತೇವೆ. ನಿಮ್ಮ ಸಿಬ್ಬಂದಿ ಎದುರಲ್ಲೇ ಇರಲಿ. ಸಂಬಳ ಬೇಡ.

ಅದರ ಜೊತೆಗೆ ಮಂಗಳೂರಿನಲ್ಲಿ ಒಂದು ದಿನ, ಉಡುಪಿಯಲ್ಲಿ ಒಂದು ದಿನ ಹಳೆ ಬೈಕುಗಳಿಗೆ ಅಂತಲೇ ಶಿಬಿರ ಮಾಡಿ. ಒಪ್ಪಿಗೆ ಕೊಡುವ ಅಧಿಕಾರಿ, ಬ್ರೇಕ್ ಇನ್ಸ್‌ಪೆಕ್ಟರ್, ಪೊಲೀಸ್ ಇಲಾಖೆಯವರು ಒಬ್ಬರು, ಎಲ್ಲರೂ ಒಂದೇ ಕಡೆ ಕೂತರೆ ಎರಡು ವರ್ಷದ ಓಡಾಟ ಒಂದು ದಿನದಲ್ಲಿ ಮುಗಿಯುತ್ತದೆ. ಎಂಜಿನ್ ನಂಬರ್ ಹೊಂದದ ಗಾಡಿಗಳನ್ನೂ ಅಲ್ಲೇ ನೋಡಲಿ. ಕದ್ದದ್ದು ಸಿಕ್ಕಿದರೆ ಹಿಡಿಯಲಿ. ಪ್ರಾಮಾಣಿಕವಾಗಿ ಬದಲಾಯಿಸಿದ್ದಾದರೆ ಆರ್‌ಸಿಯಲ್ಲಿ ಬರೆದುಕೊಡಲಿ.

ದಂಡದ ವಿಷಯದಲ್ಲಿ ಒಂದೇ ಒಂದು ಸುತ್ತೋಲೆ ಸಾಕು: ಮಾಲಕ ಕಾಗದ ಕೊಟ್ಟು ಸ್ವೀಕೃತಿ ಪಡೆದ ದಿನಕ್ಕೆ ತಿಂಗಳ ಲೆಕ್ಕ ನಿಲ್ಲಬೇಕು. ಆ ಮೇಲಿನ ತಡ ಇಲಾಖೆಯದ್ದು. ತಪಾಸಣೆ ಮಾಡುವವರಿಗೂ ಒಂದು ಪುಟದ ಸೂಚನೆ ಕಳುಹಿಸಿ. ಗಾಡಿ ತಯಾರಾದ ಕಾಲಕ್ಕೆ ಕಂಪನಿ ಏನು ಹಾಕಿತ್ತೋ ಅದು ಸರಿಯಾಗಿ ಕೆಲಸ ಮಾಡುತ್ತದೋ ಅಂತ ನೋಡಲಿ. ಬ್ರೇಕು, ಟಯರು, ಸ್ಟೇರಿಂಗ್ ಬೇರಿಂಗಿನಲ್ಲಿ ಯಾವ ರಿಯಾಯಿತಿಯೂ ಬೇಡ. 25 ದಾಟಿ 50 ತುಂಬದ ಬೈಕುಗಳಿಗೆ ಬೇರೆಯೇ ಒಂದು ವರ್ಗ ಬೇಕು ಅಂತ ನೀವು ದೆಹಲಿಗೆ ಒಂದು ಪತ್ರ ಬರೆದರೆ, ನಾವು ಬರೆಯುವ ನೂರು ಪತ್ರಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಉಸ್ತಾದ್‌ಗೆ ಈಗ ಎಪ್ಪತ್ತು ದಾಟಿದೆ. ಕಣ್ಣು ಮಂಜಾಗಿದೆ. ಪಾಯಿಂಟಿನ ಸಂದನ್ನು ಈಗ ನಾನೇ ಇಡುತ್ತೇನೆ, ಅವರು ಪಕ್ಕದಲ್ಲಿ ಕೂತು ಶಬ್ದ ಕೇಳಿ ಸರಿ ತಪ್ಪು ಹೇಳುತ್ತಾರೆ. ಅವರದ್ದೂ ಒಂದು ಹಳೆ ಬುಲೆಟ್ ಉಂಟು, ಬಲಗಾಲಿನಲ್ಲಿ ಗೇರ್ ಹಾಕುವ ಹಿಂದಿನ ಕಾಲದ್ದು. ಅದರ ಪುಸ್ತಕ ಇನ್ನೂ ಸಿಕ್ಕಿಲ್ಲ. ಬಾಕಿ ಇರುವ ಆರು ಮಂದಿಯಲ್ಲಿ ಅವರೂ ಒಬ್ಬರು. ಎಲ್ಲ ಆರು ಗಾಡಿಗಳ ನಂಬರ್, ಹಳೆ ಆರ್‌ಸಿಯ ಪ್ರತಿ, ಕಚೇರಿ ಕೊಟ್ಟ ಸ್ವೀಕೃತಿ ಪತ್ರಗಳನ್ನು ಒಂದು ಕಡತದಲ್ಲಿ ಹಾಕಿ ಇಟ್ಟಿದ್ದೇನೆ. ನೀವು ಯಾವ ದಿನ, ಎಲ್ಲಿಗೆ ತರಬೇಕು ಅಂತ ಹೇಳುತ್ತೀರೋ ಅಲ್ಲಿಗೆ ತರುತ್ತೇವೆ.

ಇತಿ, ಗೌರವಪೂರ್ವಕವಾಗಿ,
1983ರ ಒಂದು ಯೆಜ್ಡಿಯ ಮಾಲಕ,
ಮಂಗಳೂರು